ಅನ್ವರ್ ಹಾಡಿನ ಹದಿನೆಂಟು ಸೆಕೆಂಡು

1984ರಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಕ್ಯಾಸೆಟ್ ಕಂಪನಿಯಲ್ಲಿ ಸೌಂಡ್ ರೆಕಾರ್ಡಿಸ್ಟ್ ಆಗಿದ್ದೆ. ಕಂಪನಿ ಎಂದರೆ ಎರಡು ಕೋಣೆ, ಎರಡು ಟೇಪ್ ಮೆಷಿನ್, ಒಬ್ಬ ಮಾಲೀಕರು, ಒಬ್ಬ ಸಿಡುಕ. ಆ ಸಿಡುಕ ನಾನೇ. ರೆಕಾರ್ಡಿಂಗ್ ನಡೆಯುವಾಗ ಯಾರಾದರೂ ಕೆಮ್ಮಿದರೆ ಸಾಕು, ಅವರ ಜನ್ಮ ಜಾಲಾಡಿಬಿಡುತ್ತಿದ್ದೆ.

ಆ ವರ್ಷ ತುಮಕೂರಿನಿಂದ ಅನ್ವರ್ ಬಂದ. ಹಗಲು ವಾಚ್ ರಿಪೇರಿ ಅಂಗಡಿ, ಸಂಜೆ ಹಾಡು. ಗುಬ್ಬಿ, ಕುಣಿಗಲ್, ಎಲ್ಲಿ ಮದುವೆಯಿರಲಿ, ಸ್ಕೂಲ್ ಡೇ ಇರಲಿ, ಗಿಟಾರ್ ಹೆಗಲಿಗೇರಿಸಿ ಹೋಗುತ್ತಿದ್ದ. ಹಾಡುತ್ತಿದ್ದುದು ಸಿನಿಮಾ ಹಾಡಲ್ಲ, ತಾನೇ ಕಟ್ಟಿದ ಕನ್ನಡ ಪಾಪ್ ಹಾಡುಗಳು. ಕಾಲೇಜಿನ ಹುಡುಗರಿಗೆ ಅವೆಲ್ಲ ಬಾಯಿಪಾಠವಾಗಿದ್ದವು. ಅವನಿಗೊಂದು ಹುಚ್ಚು ಆಸೆ: ಒಮ್ಮೆಯಾದರೂ ಸಿಂಫನಿ ಆರ್ಕೆಸ್ಟ್ರಾದ ಮುಂದೆ ನಿಂತು ಜನರೆದುರು ಹಾಡಬೇಕು, ಅದು ಲೈವ್ ಆಲ್ಬಮ್ ಆಗಬೇಕು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಒಂದು ಕೀಬೋರ್ಡು, ಒಂದು ಡ್ರಮ್ಸು, ಗಣೇಶನ ಪೆಂಡಾಲು. ಇವನು ಕೇಳುತ್ತಿದ್ದುದು ಸಾಲು ಸಾಲು ಪಿಟೀಲು, ಚೆಲ್ಲೊ, ಕ್ಲಾರಿನೆಟ್, ಟ್ರಂಪೆಟ್ ಎಲ್ಲ ಒಟ್ಟಿಗೆ ನುಡಿಯುವ ದೊಡ್ಡ ಮೇಳ.

ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿದ್ದ ಡಿಸೋಜಾ ಮಾಸ್ತರು ಅದನ್ನು ಮೈಮೇಲೆ ಹಾಕಿಕೊಂಡರು. ಬೆಂಗಳೂರಿನ ಚರ್ಚುಗಳಲ್ಲಿ ಪಿಟೀಲು ನುಡಿಸುವವರನ್ನೂ ಗುಬ್ಬಿಯ ಮದುವೆ ಬ್ಯಾಂಡಿನವರನ್ನೂ ಸೇರಿಸಿ ಮೂವತ್ತೆರಡು ಜನರನ್ನು ಕೂಡಿಸಿದರು. ಎಲ್ಲರಿಗೂ ಬಿಡುವಿದ್ದುದು ಒಂದೇ ಒಂದು ಭಾನುವಾರ.

ಇಷ್ಟು ಅವಸರಕ್ಕೆ ಕಾರಣವಿತ್ತು. ಅನ್ವರ್‌ನ ಗಂಟಲಲ್ಲಿ ಗಂಟೊಂದು ಬೆಳೆದಿತ್ತು. ಆ ಭಾನುವಾರ ಕಳೆದ ಮೂರನೇ ದಿನಕ್ಕೆ ಆಪರೇಷನ್. ಆಮೇಲೆ ದನಿ ಮೊದಲಿನಂತೆ ಬರುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ.

“ಮುಂದೆ ಏನಾಗ್ತದೋ ಗೊತ್ತಿಲ್ಲ ಸಾರ್,” ಎಂದ. “ಇದೊಂದ್ಸಲ ನನ್ ದನೀನ ಇದ್ದಂಗೇ ಹಿಡಿದಿಟ್ಬುಡಿ, ಸಾಕು.”

ಜಾಗ ಕುಣಿಗಲ್ ಕೆರೆಯ ಪಕ್ಕದ ಬಯಲು. ಬಸ್ಸಿನ ಹಾರನ್ ಇಲ್ಲ, ಮಾರುಕಟ್ಟೆಯ ಗಲಾಟೆಯಿಲ್ಲ. ಆದರೆ ಲೈನ್ ಕರೆಂಟನ್ನು ನಂಬುವಂತಿರಲಿಲ್ಲ. ಅದಕ್ಕೆ ಅಕ್ಕಿ ಮಿಲ್ಲೊಂದರ ಡೀಸೆಲ್ ಜನರೇಟರ್ ಬಾಡಿಗೆಗೆ ತಂದೆವು. ಜೊತೆಗೆ ಬಂದವನು ಕೊತ್ತಗೆರೆಯ ಕೆಂಪಯ್ಯ. ಐವತ್ತು ದಾಟಿದ ಆಸಾಮಿ, ಅದೇ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಜನರೇಟರನ್ನು ಕೆರೆ ಏರಿಯ ಆಚೆ ನಿಲ್ಲಿಸಿ, ಮುನ್ನೂರು ಅಡಿ ಕೇಬಲ್ ಎಳೆಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆಗಿನ ನಮ್ಮ ಟೇಪ್ ಮೆಷಿನ್ನಿನ ಮೋಟರು ಕರೆಂಟಿನ ಸೈಕಲ್‌ಗೆ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎನ್ನುವುದಕ್ಕೆ, ತಕ್ಕಂತೆ ತಿರುಗುತ್ತಿತ್ತು. ಸೆಕೆಂಡಿಗೆ ಐವತ್ತು ಸೈಕಲ್ ಇದ್ದರೆ ಟೇಪಿನ ವೇಗ ಸರಿ. ಎಂಜಿನ್ ನಿಧಾನವಾದರೆ ಸೈಕಲ್ ಇಳಿಯುತ್ತದೆ, ಟೇಪೂ ನಿಧಾನವಾಗುತ್ತದೆ. ವೋಲ್ಟೇಜ್ ಏರಿಳಿದರೆ ನನ್ನ ಸ್ಟೆಬಿಲೈಸರ್ ಸರಿಮಾಡುತ್ತಿತ್ತು. ಸೈಕಲ್ಲನ್ನು ಸರಿಮಾಡುವ ಶಕ್ತಿ ಅದಕ್ಕಿರಲಿಲ್ಲ. ಸೈಕಲ್ ಮೀಟರ್ ಇದ್ದುದು ಜನರೇಟರಿನ ಮೇಲೆ. ನೋಡಿದೆ, ಸರಿಯಾಗಿ ಐವತ್ತಿತ್ತು. ಹೊರಡುವಾಗ ನನ್ನ ಮಾಮೂಲಿ ಸಿಡುಕಿನಲ್ಲಿ ಹೇಳಿದೆ: “ನೋಡು ಕೆಂಪಯ್ಯ, ಹಾಡುವಾಗ ನಿನ್ನ ಎಂಜಿನ್ ಸದ್ದು ಕೇಳಿಸಿತೋ, ಸುಮ್ಮನಿರೋನಲ್ಲ ನಾನು.”

“ಆಯ್ತು ಬುಡಿ ಸಾ. ನಾನ್ ನೋಡ್ಕತೀನಿ,” ಎಂದ.

ಸಂಜೆ ಐದೂವರೆಗೆ ಮಾಸ್ತರು ಮೇಳ ನಡೆಸುವ ಕೋಲೆತ್ತಿದರು. ಆ ಸಂಜೆಯನ್ನು ಹೇಗೆ ಹೇಳಲಿ? ಹುಲ್ಲಿನ ಮೇಲೆ ಜನ, ಬಿಳಿ ಅಂಗಿಯ ಪಿಟೀಲಿನವರು, ಮದುವೆಯ ಕೆಂಪು ಕೋಟಿನಲ್ಲೇ ಬಂದಿದ್ದ ಗುಬ್ಬಿಯವರು. ನೀರಿನ ಮೇಲೆ ಬೆಳಕು ತೆಳುವಾಗುತ್ತ ಹೋಯಿತು. ಬೆಳ್ಳಕ್ಕಿಗಳು ಸದ್ದಿಲ್ಲದೆ ದಾಟಿದವು. ಅನ್ವರ್ ತನ್ನ ಕೊನೆಯ ಹಾಡು ಎತ್ತಿಕೊಂಡ. ಕೆರೆ ನಿದ್ದೆಹೋಗುವುದರ ಬಗ್ಗೆ ಅವನೇ ಕಟ್ಟಿದ ಹಾಡು. ಪಿಟೀಲುಗಳು ಉಸಿರಿನಷ್ಟು ಮೆಲ್ಲಗೆ ಶುರುವಾದವು. ಅವನ ದನಿ ನೀರಿನ ಮೇಲೆ ಹೋಗಿ, ಆ ದಡ ಮುಟ್ಟಿ, ನಮ್ಮ ಕಡೆಗೇ ತಿರುಗಿ ಬಂದಂತಿತ್ತು. ಹೆಡ್‌ಫೋನ್ ಹಾಕಿಕೊಂಡು ನಾನು ಕಣ್ಣು ಮುಚ್ಚಿದೆ. ಒಮ್ಮೆಯೂ ಎದ್ದು ಹೋಗಿ ಸೈಕಲ್ ಮೀಟರ್ ನೋಡಲಿಲ್ಲ. ಎಂಜಿನ್ ಸದ್ದು ಒಂಚೂರೂ ಕೇಳಿಸುತ್ತಿಲ್ಲವಲ್ಲ ಎಂದು ಖುಷಿಪಟ್ಟೆ, ಅಷ್ಟೇ.

ಸ್ಟುಡಿಯೋದಲ್ಲಿ ಹಾಕಿ ಕೇಳಿದಾಗ ಕೊನೆಯ ಹಾಡು ಕೊಂಚ ಚುರುಕಾಗಿದೆ ಅನ್ನಿಸಿತು. ಮಾಸ್ತರು ಅವಸರ ಮಾಡಿರಬೇಕು ಎಂದುಕೊಂಡು ಸುಮ್ಮನಾದೆ.

ಮೂರು ವಾರದ ನಂತರ ಅನ್ವರ್ ಬಂದ. ಆಪರೇಷನ್ ಆಗಿತ್ತು, ಇನ್ನೂ ಮಾತಾಡುವಂತಿರಲಿಲ್ಲ. ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು, ಪೆನ್ನು. ಜೋರಿನ ಹಾಡುಗಳನ್ನು ತಲೆದೂಗುತ್ತ ಕೇಳಿದ. ಕೊನೆಯ ಹಾಡು ಶುರುವಾದ ಕೂಡಲೇ ಮುಖ ಬಾಡಿತು. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಹಾಡನ್ನು ಮತ್ತೊಮ್ಮೆ ಹಾಕಿಸಿದ. ಮುಗಿದ ಮೇಲೆ ಬರೆದ: “ಇದು ನನ್ನ ದನಿ ಅಲ್ಲ.” ಅದರ ಕೆಳಗೆ: “ಪ್ರಾಕ್ಟೀಸಿನಲ್ಲಿ ಯಾವತ್ತೂ ಐದು ನಿಮಿಷ. ಇಲ್ಲಿ ನಾಲ್ಕು ನಿಮಿಷ ನಲವತ್ತೆರಡು. ನನ್ನ ಹದಿನೆಂಟು ಸೆಕೆಂಡು ಎಲ್ಲಿ ಸಾರ್?”

ಲೆಕ್ಕ ಹಾಕಿದೆ. ಐವತ್ತರ ಜಾಗದಲ್ಲಿ ನಲವತ್ತೇಳು ಸೈಕಲ್. ರೆಕಾರ್ಡ್ ಆಗುವಾಗ ಟೇಪು ನಿಧಾನವಾಗಿ ಓಡಿತ್ತು, ಈಗ ಸರಿವೇಗದಲ್ಲಿ ಹಾಕಿದರೆ ಹಾಡು ಓಡುತ್ತಿತ್ತು. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಪೂರ್ತಿ ಅರ್ಧ ಮನೆ ಮೇಲೇರಿತ್ತು. ಮೂವತ್ತೈದರ ಅನ್ವರ್ ಹದಿನಾರರ ಹುಡುಗನಂತೆ ಕೇಳಿಸುತ್ತಿದ್ದ. ಮತ್ತೆ ಹಾಡಿಸೋಣವೆಂದರೆ ಆ ಗಂಟಲೇ ಇಲ್ಲ.

ಮರುದಿನವೇ ಕುಣಿಗಲ್ ಬಸ್ಸು ಹತ್ತಿದೆ. ಕೆಂಪಯ್ಯನಿಗೆ ಏನೇನು ಬಯ್ಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಹೋದೆ. ಮಿಲ್ಲಿನ ಬಾಗಿಲಲ್ಲೇ ಕೂಗಿದೆ: “ಯಾರು ಹೇಳಿದ್ರಯ್ಯಾ ನಿನಗೆ ಎಂಜಿನ್ ನಿಧಾನ ಮಾಡು ಅಂತ?”

ಕೆಂಪಯ್ಯ ಕೈ ಒರೆಸಿಕೊಳ್ಳುತ್ತ ಬಂದ. “ನೀವೇ ಅಲ್ವಾ ಸಾ ಹೇಳಿದ್ದು, ಸದ್ದು ಬರಬಾರ್ದು ಅಂತ? ಜೋರಾಗಿ ಬಾರಿಸ್ತಿದ್ದಾಗ ಎಂಜಿನ್ನ ಇದ್ದಂಗೇ ಬುಟ್ಟಿದ್ದೆ. ಕಡೇ ಹಾಡ್ನಾಗೆ ಆವಯ್ಯ ಅಷ್ಟು ಮೆತ್ತಗೆ ಹಾಡ್ತಾ ಅವ್ರೆ, ನಾನೆಂಗೆ ಸಾ ಧಡಧಡ ಅನ್ನಿಸ್ಲಿ? ಆಕ್ಸಿಲೇಟ್ರು ತಗ್ಗಿಸ್ದೆ. ನಂಗೂ ಹಾಡು ಕೇಳ್ಬೇಕಿತ್ತು ಕಣಿ ಸಾ.”

ಅವತ್ತು ಜನರೇಟರಿನ ಪಕ್ಕ ನಾನು ಆಡಿದ ಮಾತು ನೆನಪಾಯಿತು. ಸದ್ದು ಬರಬಾರದು ಎಂದು ಗದರಿಸಿದ್ದೆ. ವೇಗ ಬದಲಾಗಬಾರದು ಎಂದು ಹೇಳಿರಲಿಲ್ಲ. ಆತ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಲ್ಲೇ ಮಿಲ್ಲಿನ ಮೆಟ್ಟಿಲ ಮೇಲೆ ಕೂತಾಗ ಹೊಳೆಯಿತು. ನಿಧಾನ ಮಾಡಿದ ಎಂಜಿನ್ನಿನಲ್ಲೇ ಟೇಪನ್ನು ಮತ್ತೆ ಓಡಿಸಿದರೆ, ಹಾಡು ತಾನಾಗಿ ಮೊದಲಿನ ವೇಗಕ್ಕೆ ಬರಬೇಕು. ಅದನ್ನು ಲೈನ್ ಕರೆಂಟಿನಲ್ಲಿ ಓಡುವ ಇನ್ನೊಂದು ಮೆಷಿನ್ನಿಗೆ ಕಾಪಿ ಮಾಡಿಕೊಳ್ಳಬಹುದು. ಆದರೆ ಹಾಡಿನುದ್ದಕ್ಕೂ ಆತನ ಕೈ ಎಲ್ಲಿ ಎಷ್ಟು ತಗ್ಗಿತ್ತೋ, ಅಲ್ಲಲ್ಲೇ ಅಷ್ಟಷ್ಟೇ ತಗ್ಗಬೇಕು.

“ನೆನಪಿದೆಯಾ ಕೆಂಪಯ್ಯ?”

“ನೆನಪೇನ್ ಬಂತು ಸಾ, ಹಾಡು ಕೇಳುಸ್ರೀ. ಕೈ ತಾನೇ ಓಯ್ತದೆ.”

ಮುಂದಿನ ಭಾನುವಾರ ಎರಡೂ ಮೆಷಿನ್ ಹೊತ್ತು ಮಿಲ್ಲಿಗೆ ಹೋದೆವು. ಪುಣ್ಯಕ್ಕೆ ಆ ಮಧ್ಯಾಹ್ನ ಲೈನ್ ಕರೆಂಟು ಸರಿಯಾಗಿ ಐವತ್ತರಲ್ಲಿತ್ತು. ಕೆಂಪಯ್ಯನ ತಲೆಗೆ ನನ್ನ ಹೆಡ್‌ಫೋನ್ ಹಾಕಿದೆ. ಅನ್ವರ್ ಅಕ್ಕಿಮೂಟೆಯ ಮೇಲೆ ಕೂತು, ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು, ಗಡಿಯಾರವನ್ನು ಅಂಗೈಗೆ ತೆಗೆದುಕೊಂಡ. ಟೇಪ್ ಬಿಟ್ಟೆ. ಪಿಟೀಲು ಶುರುವಾದ ತಕ್ಷಣ ಕೆಂಪಯ್ಯ ಕಣ್ಣು ಮುಚ್ಚಿದ. ಎಣ್ಣೆ ಮೆತ್ತಿದ ಆ ಕೈ ಆಕ್ಸಿಲರೇಟರ್ ಮೇಲೆ ಮೆಲ್ಲಗೆ ಸರಿಯಿತು. ಎಂಜಿನ್ನಿನ ಸದ್ದು ತಗ್ಗಿತು, ಮೀಟರಿನ ಮುಳ್ಳು ನಲವತ್ತೇಳಕ್ಕೆ ಬಂದು ಅಲ್ಲೇ ಸಣ್ಣಗೆ ತೂಗಾಡಿತು. ತೌಡಿನ ದೂಳು ಬಿಸಿಲುಕೋಲಿನಲ್ಲಿ ತೇಲುತ್ತಿತ್ತು. ಮಿಲ್ಲಿನೊಳಗೆ ಆ ಸಂಜೆಯ ಕೆರೆಯೇ ಬಂದು ನಿಂತಂತೆ ನನಗನ್ನಿಸಿತು.

ಹಾಡು ಮುಗಿಯಿತು. ಅನ್ವರ್ ಗಡಿಯಾರವನ್ನು ನಮ್ಮ ಕಡೆ ತಿರುಗಿಸಿ ಹಿಡಿದ. ಐದು ನಿಮಿಷ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದು ಕೆಂಪಯ್ಯನಿಗೆ ಕೊಟ್ಟ. ಆತನಿಗೆ ಓದು ಬಾರದು. ನಾನೇ ಓದಿ ಹೇಳಿದೆ: “ಇದು ನಾನೇ.”

ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಮೂವತ್ತೆರಡು ವಾದ್ಯಗಾರರ ಹೆಸರಿತ್ತು. ಅನ್ವರ್ ಹಟ ಹಿಡಿದು ಮೂವತ್ತಮೂರನೆಯದನ್ನು ಸೇರಿಸಿದ: ಜನರೇಟರ್, ಕೊತ್ತಗೆರೆ ಕೆಂಪಯ್ಯ. ಮಾಲೀಕರು ನಕ್ಕರು, ನಾನು ನಗಲಿಲ್ಲ. ಅಲ್ಲಿಂದಾಚೆ ಯಾವ ಊರಿಗೆ ಹೋದರೂ ಮೈಕ್ ನಿಲ್ಲಿಸುವ ಮೊದಲು ಜನರೇಟರಿನವರ ಪಕ್ಕ ಕೂತು ಟೀ ಕುಡಿದು, ಏನು ಮಾಡಬೇಕು ಎನ್ನುವುದರ ಜೊತೆಗೆ ಏಕೆ ಎಂಬುದನ್ನೂ ಬಿಡಿಸಿ ಹೇಳುತ್ತಿದ್ದೆ. ಗದರಿಸುವುದಕ್ಕಿಂತ ಅದಕ್ಕೆ ಹೊತ್ತು ಹಿಡಿಯುತ್ತದೆ. ಆದರೂ ಅದೇ ನನ್ನ ಕೆಲಸವೆಂದು ನನಗೆ ಕಲಿಸಿದವರು ಕೆಂಪಯ್ಯನವರು.

ಅನ್ವರ್‌ನ ದನಿ ಮೊದಲಿನಂತೆ ಬರಲೇ ಇಲ್ಲ. ಮಾತಾಡಬಲ್ಲ, ಹಾಡಲಾರ. ವರ್ಷಗಳ ಮೇಲೆ ಒಮ್ಮೆ ತುಮಕೂರಿನ ಅವನ ಅಂಗಡಿಗೆ ಹೋಗಿದ್ದೆ. ಬಿಚ್ಚಿಟ್ಟ ವಾಚುಗಳ ನಡುವೆ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಅದೇ ಹಾಡು. ಇಬ್ಬರೂ ಕೊನೆಯವರೆಗೂ ಕೇಳಿದೆವು. ಅವನು ಕೈಗಡಿಯಾರದತ್ತ ಒಮ್ಮೆ ನೋಡಿದ.

“ಸರಿಯಾಗೈತೆ ಸಾರ್,” ಎಂದ ಒಡಕು ದನಿಯಲ್ಲಿ. “ಒಂದ್ ಸೆಕೆಂಡೂ ಕಮ್ಮಿ ಇಲ್ಲ.”