ಚಿಕ್ಕಪ್ಪ ಗೆದ್ದರೆ ಕೆಡುವ ಪ್ರಬಂಧ

ನಮ್ಮ ಪ್ರೊಫೆಸರರ ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ. ತೊಂಬತ್ತರ ದಶಕದಲ್ಲಿ ಅವರು ಶಿವಮೊಗ್ಗದಲ್ಲಿ ನಮಗೆ ಕಾನೂನು ಕಲಿಸುತ್ತಿದ್ದರು. ತೀರ್ಪು ಬರೆಸುವುದು ಆಳುವವರ ರಾಜಕೀಯ, ಹಾಗಾಗಿ ಬಡವ ಕೋರ್ಟಿನಲ್ಲಿ ಗೆಲ್ಲುವುದೇ ಇಲ್ಲ ಎಂಬುದು ಅವರ ಸಂಶೋಧನೆ. ಅದನ್ನು ಪಾಠ ಮಾಡುವಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಕಣ್ಣೊರೆಸಿಕೊಂಡಿದ್ದೆ, ಥೂ!

ಆಗ ನಾನು ಭದ್ರಾವತಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮುಷ್ಕರದಲ್ಲಿ ಭಾಷಣ ಮಾಡಿದ್ದಕ್ಕೆ ಚಿಕ್ಕಪ್ಪನನ್ನು ಕಾರ್ಖಾನೆಯವರು ಕೆಲಸದಿಂದ ತೆಗೆದಿದ್ದರು. ಅದರ ವಿರುದ್ಧ ಅವನು ಹಾಕಿದ್ದ ಕೇಸು ಸೋತರೆ ಕಾರ್ಖಾನೆಯ ಕ್ವಾರ್ಟರ್ಸನ್ನೂ ಬಿಡಬೇಕು. ಇದು ಗೊತ್ತಾದದ್ದೇ ತಡ, ಪ್ರೊಫೆಸರರು ತಮ್ಮ ಪ್ರಬಂಧಕ್ಕೆಂದು ಟೇಪ್ ರೆಕಾರ್ಡರ್ ಹಿಡಿದು ಮನೆಗೆ ಬಂದರು. ಚಿಕ್ಕಮ್ಮ ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬೋಂಡ ಕರಿದು, "ನಿಮ್ಮಂಥೋರು ಜೊತೆಗಿದ್ರೆ ಸಾಕು ಸಾರ್" ಎಂದು ಕೈಮುಗಿದಳು. ಅವರು ಎರಡನೇ ಸಲವೂ ಹಾಕಿಸಿಕೊಂಡು ತಿಂದರು.

ಕಾರ್ಮಿಕ ನ್ಯಾಯಾಲಯದಲ್ಲಿ ಚಿಕ್ಕಪ್ಪ ಗೆದ್ದ! ನಾವಿಬ್ಬರೂ ಪೇಡೆ ಕಟ್ಟಿಸಿಕೊಂಡು ರವೀಂದ್ರನಗರದ ಅವರ ಮನೆಗೆ ಓಡಿದೆವು. ಸುದ್ದಿ ಕೇಳಿ ಪ್ರೊಫೆಸರರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಛೆ, ಗೆದ್ದುಬಿಟ್ರಾ?" ಎಂದರು. ಆಮೇಲೆ ಪೇಡೆ ಬಾಯಿಗೆ ಹಾಕಿಕೊಳ್ಳುತ್ತಾ, "ಅವ್ರು ಹೈಕೋರ್ಟಿಗೆ ಹೋಗೇ ಹೋಗ್ತಾರೆ ಬಿಡಿ, ಅಲ್ಲಿ ನೋಡೋಣ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಬಸ್ಸಿನಲ್ಲಿ ಚಿಕ್ಕಪ್ಪ ಕೇಳಿದ: "ಅಲ್ಲ ಮಾರಾಯ್ತಿ, ನಾನು ಗೆದ್ರೆ ಅವರಿಗ್ಯಾಕೆ ಬೇಜಾರು?"

"ನೀನು ಸೋಲ್ತೀಯ ಅಂತ ಮೊದ್ಲೇ ಬರೆದಿಟ್ಟಿದ್ರು, ಚಿಕ್ಕಪ್ಪ."

"ಅಷ್ಟೇನಾ? ತಿದ್ಕೊಳ್ಳಲಿ ಬಿಡು" ಎಂದು ಅವನು ನಕ್ಕ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕಾರ್ಖಾನೆಯವರು ಹೈಕೋರ್ಟಿಗೆ ಹೋದರು. ಅಲ್ಲಿ ಚಿಕ್ಕಪ್ಪ ಸೋತ. ಸುದ್ದಿ ತಿಳಿದು ಬಂದು ನೋಡಲು ಪ್ರೊಫೆಸರರಿಗೆ ಪುರುಸೊತ್ತಾಗಲಿಲ್ಲ. ನಾವು ಮನೆ ಖಾಲಿ ಮಾಡುವ ದಿನ ಪಕ್ಕದ ಮನೆಯ ಫೋನಿಗೆ ಅವರ ಕರೆ ಬಂತು. ದನಿಯಲ್ಲಿ ಮದುವೆ ಮನೆಯ ಸಂಭ್ರಮ.

"ನಾನು ಹೇಳಿದ್ದೇ ಆಯ್ತು ನೋಡಮ್ಮ! ಈಗ ನನ್ನ ಪ್ರಬಂಧ ಸರಿಹೋಯ್ತು. ಸೋತ್ಮೇಲೆ ಅವರಿಗೆ ಏನನ್ನಿಸ್ತು ಅಂತ ಸ್ವಲ್ಪ ರೆಕಾರ್ಡ್ ಮಾಡ್ಕೋಬೇಕಿತ್ತು. ಯಾವಾಗ ಬರ್ಲಿ?"

ಕಿಟಕಿಯಾಚೆ ಚಿಕ್ಕಪ್ಪ ಮಂಚದ ಒಂದು ತುದಿ ಎತ್ತಿ ಹಿಡಿದು ನಿಂತಿದ್ದ. ಇನ್ನೊಂದು ತುದಿ ಎತ್ತಲು ಚಿಕ್ಕಮ್ಮನಿಂದ ಆಗುತ್ತಿರಲಿಲ್ಲ.

"ಈಗ್ಲೇ ಬನ್ನಿ ಸಾರ್" ಎಂದೆ. "ಮಂಚ ಹೊರೋಕೆ ಒಬ್ರು ಕಮ್ಮಿ ಇದಾರೆ."