ಮುದಕಪ್ಪ ಹುಟ್ಟಿಸದ ತಮ್ಮ

ಬೈಲಹೊಂಗಲದ ಮುದಕಪ್ಪನಿಗೆ ಅಂತ ಇದ್ದದ್ದು ಒಂದು ದನಿ. ಹೊಲ ಅಣ್ಣತಮ್ಮಂದಿರ ಪಾಲಿಗೆ ಹೋಗಿತ್ತು, ಮೈಯಲ್ಲಿ ಕಸುವೂ ಅಷ್ಟಕ್ಕಷ್ಟೇ. ಪ್ರಾಯದಲ್ಲಿ ಸಣ್ಣಾಟದ ಮೇಳದಲ್ಲಿ ಹಿಂದೆ ನಿಂತು ಹಾಡಿದವನು, ಮೇಳ ಒಡೆದ ಮೇಲೆ ಕುದುರೆ ಟಾಂಗಾದಲ್ಲಿ ಕುಳಿತು ಮೈಕಿನಲ್ಲಿ ಜಾಹೀರಾತು ಕೂಗಿದ. ಅವನು ಕೂಗಿದರೆ ನೀರಿಗೆ ಹೊರಟ ಹೆಂಗಸರು ನಿಂತು ಕೇಳುತ್ತಿದ್ದರು. ಆದರೆ ಸುಳ್ಳು ಕೂಗುವವನಲ್ಲ. ಬಳೆಗಾರ "ಎಲ್ಲಾ ಬಳಿ ಫಿರೋಜಾಬಾದಿನ್ವು ಅನ್ನು" ಎಂದರೆ, ಇವನು "ಫಿರೋಜಾಬಾದಿನ ಬಳೆಗಳೂ ಇವೆ" ಎಂದೇ ಕೂಗುವನು. ಬಳೆಗಾರ ಬೈಯುತ್ತಿದ್ದ, ಜನ ನಂಬುತ್ತಿದ್ದರು.

ಗಂಗಯ್ಯ ಹತ್ತಿಯ ಹಳೇ ಗೋದಾಮಿನಲ್ಲಿ ದೊಡ್ಡ ಟಿವಿ ಇಟ್ಟು ವಿಡಿಯೋ ಥೇಟರು ತೆರೆದಾಗ, ಇಂಗ್ಲಿಷ್ ಸಿನಿಮಾ ಹಾಕಿದರೆ ಜನ ಮಾತು ತಿಳಿಯದೆ ಎದ್ದು ಹೋಗುತ್ತಿದ್ದರು. ಅದಕ್ಕೇ ಮುದಕಪ್ಪನನ್ನು ಕರೆದು ಟಿವಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿ ಮೈಕು ಕೊಟ್ಟ. ಮುದಕಪ್ಪನಿಗೂ ಇಂಗ್ಲಿಷ್ ಬಾರದು. ಮೊದಲು ಒಬ್ಬನೇ ಕುಳಿತು ನೋಡುವನು, ಮೋರೆ ನೋಡಿ ಮಾತು ಕಟ್ಟುವನು. ಆಮೇಲೆ ಜನಕ್ಕೆ ಕನ್ನಡದಲ್ಲಿ ಹೇಳುವನು.

ಎರಡು ಸಾವಿರದ ಇಸವಿಯ ಸುಮಾರಿಗೆ ಒಂದು ಕಾರ್ಟೂನು ಸಿನಿಮಾ ಬಂತು. ತಾಮ್ರದ ಬಣ್ಣದ ಮೈಯ, ಬರಿಗೈಯಲ್ಲಿ ಸಿಡಿಲು ಹಿಡಿಯುವ ವೀರ. ಜೊತೆಗೆ ಒಂದು ಕಿವಿಹರಕ ಬೆಕ್ಕು. ಮುದಕಪ್ಪ ಅವನಿಗೆ ಸಿಡ್ಲಪ್ಪ ಎಂದು ಹೆಸರಿಟ್ಟ. ಕೊನೆಗೆ ಸಿಡ್ಲಪ್ಪ ಊರು ಉಳಿಸಲು ಬೆಂಕಿಯ ಉಂಡೆಯನ್ನು ಅವುಚಿಕೊಂಡು ಸೂರ್ಯನೊಳಗೆ ಹಾರುತ್ತಾನೆ. ಹಾರುವ ಮೊದಲು ಬೆಕ್ಕಿನ ಕಡೆ ತಿರುಗಿ ಏನೋ ಒಂದು ಮಾತು ಅನ್ನುತ್ತಾನೆ. ಈ ಕಡೆ ಮನೆಯಿಂದ ಹೊರಡುವವರು ಯಾರೂ ಹೋಗತೇನಿ ಅನ್ನುವುದಿಲ್ಲ, ಅದು ಅಪಶಕುನ. ಮುದಕಪ್ಪನ ಬಾಯಿಂದ ರೂಢಿಯಂತೆ ಬಂತು:

"ನಾ ಇನ್ನ ಬರತೇನಿ."

ಗೋದಾಮು ಸಿಳ್ಳಿನಿಂದ ತುಂಬಿತು. "ಬರತಾನಂತ! ಸತ್ತಿಲ್ಲ! ಮತ್ತ ಬರತಾನಂತ!"

ಗಂಗಯ್ಯ ಆ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. ಸೀಡಿ ಮಾರುವವನನ್ನು ಕೇಳಲು ಹುಬ್ಬಳ್ಳಿಗೆ ಹೋದ. ಸಿನಿಮಾ ಮಾಡಿದ ಕಂಪನಿಯವರು ಇನ್ನೂ ಎರಡು ಭಾಗ ಮಾಡುತ್ತಾರಂತೆ, ಬೆಕ್ಕಿಗೇ ಬೇರೆ ಒಂದು ಸಿನಿಮಾ ಅಂತೆ ಎಂದ ಅವನು. ಮರುದಿನವೇ ಗಂಗಯ್ಯ ಬಾಗಿಲಿಗೆ ಹಲಗೆಯ ಫಳಿ ಬರೆದು ತೂಗುಹಾಕಿದ: ಸಿಡ್ಲಪ್ಪ ಎರಡು, ಸಿಡ್ಲಪ್ಪ ಮೂರು, ಆಮೇಲೆ ಬೆಕ್ಕಿನದು. ದಾರಿ ಕಾಯಿರಿ.

ಜನ ದಾರಿ ಕಾದರು. ಒಂದು ವರ್ಷ ಹೋಯಿತು, ಇನ್ನೊಂದೂ ಹೋಯಿತು. ಫಳಿ ಬರೆದವನು ಗಂಗಯ್ಯ, ಬೈಸಿಕೊಂಡವನು ಮುದಕಪ್ಪ. ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಬಾಯವ್ವ ದೂರದಿಂದಲೇ ಕೂಗುತ್ತಿದ್ದಳು:

"ಏನೋ ಮುದಕಪ್ಪ, ನಿನ್ನ ಸಿಡ್ಲಪ್ಪಗ ಬಸ್ಸ ತಪ್ಪೇತೇನ? ಸೂರ್ಯಾನೊಳಗ ಸುಟ್ಟ ಬದ್ನಿಕಾಯಿ ಆದ್ನೇನ?"

ಕಡೆಗೆ ಹುಬ್ಬಳ್ಳಿಯಿಂದ ಸುದ್ದಿ ಬಂತು. ಕಂಪನಿ ಮುಚ್ಚಿತ್ತು. ಎರಡೂ ಇಲ್ಲ, ಮೂರೂ ಇಲ್ಲ, ಬೆಕ್ಕೂ ಇಲ್ಲ. ಗಂಗಯ್ಯ ಅದನ್ನು ಮುದಕಪ್ಪನೊಬ್ಬನಿಗೆ ಬಿಟ್ಟು ಯಾರಿಗೂ ಹೇಳದೆ ಬೇರೆ ಯಾವುದೋ ಕಾರ್ಟೂನು ತಂದ. ಅದರಲ್ಲಿ ಹಸಿರು ಮೈಯ, ಕೋಡಿನ ಟೊಪ್ಪಿಗೆಯ ಒಬ್ಬ ಹಾರುತ್ತಿದ್ದ.

"ಇಂವ ಸಿಡ್ಲಪ್ಪನ ತಮ್ಮ ಅನ್ನು," ಎಂದ ಗಂಗಯ್ಯ.

"ಸಿಡ್ಲಪ್ಪಗ ತಮ್ಮ ಇಲ್ರಿ ಅಯ್ಯಾರ. ಅವರವ್ವ ಅವನ್ನ ಹಡದ ಸತ್ಲು. ನಾನs ಹೇಳೇನಿ, ಮಂದಿ ಅತ್ತಾರ."

"ಹಂಗಾರ ಅವರಪ್ಪ ಆಮ್ಯಾಲೆ ಮಾಡಿಕೊಂಡ ಚಿಗವ್ವನ ಮಗಾ ಅನ್ನು."

"ಅವರಪ್ಪನೂ ಅವತ್ತs ಸತ್ತಾನ್ರಿ. ಚಿಗವ್ವ ಎಲ್ಲಿಂದ ಬಂದ್ಲು?"

"ಲೇ, ಚಿತ್ರಾ ಬರದ ಗೊಂಬಿ ಅದು! ಅದಕ್ಕೊಬ್ಬ ತಮ್ಮನ್ನ ಹುಟ್ಟಸಾಕ ನಿನಗೇನ ಹೊಟ್ಟಿಬ್ಯಾನಿ ಬರತೈತೇನ? ಅಂತೀ ಅಂದರ ಮೈಕ್ ಹಿಡಿ. ಇಲ್ಲಂದರ ಟಾಂಗಾ ಹತ್ತು."

ಟಾಂಗಾ ಆ ಹೊತ್ತಿಗೆ ಊರಲ್ಲಿ ಉಳಿದಿರಲಿಲ್ಲ. ಅದು ಗೊತ್ತಿದ್ದೇ ಅಂದ ಮಾತು.

ಮನೆಯಲ್ಲಿ ಹೆಂಡತಿ ಪದ್ಮವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. "ತಮ್ಮ ಅಂತ ಅಂದಬಿಡ್ರಿ. ಕಾಗದದಾಂವ, ನಾಳೆ ಬಂದು ಪಾಲ ಕೇಳತಾನೇನ?"

"ಮಂದಿ ನನ್ನ ದನಿ ನಂಬತಾರ," ಎಂದ ಮುದಕಪ್ಪ. "ಅದೊಂದು ಹೋತಂದರ ನನ್ನ ಕಡೆ ಏನ ಉಳೀತೈತಿ?"

ಪದ್ಮವ್ವ ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದಳು.

ಸಿಡ್ಲಪ್ಪ ಎರಡು ಬಂತು ಎಂಬ ಫಳಿ ನೋಡಿ ಆ ರವಿವಾರ ಮಧ್ಯಾಹ್ನ ಗೋದಾಮು ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲೇ ಬಾಯವ್ವ ಕಾಲು ಚಾಚಿ ಕುಳಿತಿದ್ದಳು. ಹಸಿರು ಮೈಯವನು ಹಾರಿಬಂದ ಕೂಡಲೇ ಜನ ಹೋ ಎಂದರು. ಮುದಕಪ್ಪ ಸ್ಟೂಲಿನಿಂದ ಎದ್ದು ನಿಂತ.

"ಸ್ವಲ್ಪ ಕೇಳ್ರಿ. ಇಂವ ಸಿಡ್ಲಪ್ಪನ ಕಡ್ಯಾವ ಅಲ್ಲ, ಬ್ಯಾರೆ ಯಾವನೋ. ಸಿಡ್ಲಪ್ಪ ಅವತ್ತs ಸತ್ತ. ಬರತೇನಿ ಅಂದದ್ದು ನನ್ನ ಬಾಯಿ, ಅವಂದಲ್ಲ. ಎರಡನೇದು ಇಲ್ಲ. ಇರೂದೂ ಇಲ್ಲ."

ಗಂಗಯ್ಯ ಓಡಿಬಂದು ಮೈಕು ಕಿತ್ತುಕೊಂಡ. ಜನ ಇನ್ನು ಗಂಗಯ್ಯನ ಮೇಲೆ ಬೀಳುತ್ತಾರೆ ಎಂದುಕೊಂಡಿದ್ದ ಮುದಕಪ್ಪ. ಆದರೆ ಮೊದಲ ಶೇಂಗಾ ಸಿಪ್ಪೆ ಬಂದು ಬಡಿದದ್ದು ಮುದಕಪ್ಪನ ಮೋರೆಗೇ.

"ಸತ್ತಾ ಅಂತ ಹೇಳಾಕ ನೀ ಯಾವನಲೇ?"

"ಖುಷಿಲೇ ಬಂದ ಕುಂತಿದ್ವಿ, ಹೆಣಾ ತಂದ ನಡಬರಕ ಇಟ್ಟ್ಯಲ್ಲೋ!"

"ಇವಗ ಹೊಟ್ಟಿಕಿಚ್ಚ! ಅಯ್ಯಾರ, ನೀವs ಹೇಳ್ರಿ, ಇಂವ ಯಾರ್ರಿ?"

ಗಂಗಯ್ಯನದು ಒಡಕು ಬಿಂದಿಗೆಯಂಥ ದನಿ. ಆ ದನಿಯಲ್ಲೇ ಅವನು ಒದರಿದ: "ಸಿಡ್ಲಪ್ಪನ ಖಾಸಾ ತಮ್ಮ! ಅಣ್ಣನ್ನ ಹುಡುಕಾಕ ಹೊಂಟಾನ!"

ತಗಡಿನ ಮಾಡು ಹಾರಿಹೋಗುವಷ್ಟು ಸಿಳ್ಳು ಬಿದ್ದವು. ಮುದಕಪ್ಪ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದ. ಬಾಗಿಲು ತೆರೆದದ್ದೇ ಹೊರಗಿನ ಬಿಸಿಲು ನೇರ ಟಿವಿಯ ಮೇಲೆ ಬಿದ್ದು ಹಸಿರು ಮೈಯವನು ಅಳಿಸಿಹೋದ. ಇಡೀ ಗೋದಾಮು ತಿರುಗಿ ಬೈಯಿತು. ಬಾಯವ್ವ ಮಾತ್ರ ತಿರುಗಲೂ ಇಲ್ಲ.

"ಯಾರಪಾ ಅದು ಬಾಗ್ಲ ತಗದಾಂವ? ತಮ್ಮ ಕಾಣವಲ್ಲ. ಒಳಗರ ಬಾ, ಹೊರಗರ ಹೋಗು."

ಮುದಕಪ್ಪ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.