ಉತ್ತರಕ್ಕೆ ತಲೆಯಿದ್ದ ಮಂಚ

ನಮ್ಮವ್ವನಿಗೆ ಬಿಳಿ ಕೋಟು ಕಂಡರೆ ಆಗುತ್ತಿರಲಿಲ್ಲ. ‘ಬೆಳ್ಳಗಿರೋದೆಲ್ಲ ಹಾಲಲ್ಲ ಕಣೆ’ ಎನ್ನುತ್ತಿದ್ದಳು. ಆ ಗುಣ ನನಗೂ ಬಂದಿದೆ. ಇವತ್ತಿಗೂ ಔಷಧಿ ಅಂಗಡಿಯವನು ಸ್ವಲ್ಪ ಹೆಚ್ಚು ನಕ್ಕರೆ ನಾನು ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ.

ಐವತ್ತರ ದಶಕದ ಮಾತು. ನಮ್ಮಕ್ಕನಿಗೆ ಚಿಕ್ಕಂದಿನಲ್ಲಿ ಬಂದಿದ್ದ ಕೀಲುನೋವಿನ ಜ್ವರ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಆ ವರ್ಷ ಅಲ್ಲಿಗೇ ಸೋಂಕು ತಗುಲಿ ಜ್ವರ ಬಿಡಲೇ ಇಲ್ಲ. ಅವ್ವ ಬೇಡವೆಂದರೂ ಕೇಳದೆ ಅಪ್ಪ ಅವಳನ್ನು ಕೆಸರೆಯ ಮನೆಯಿಂದ ಆಸ್ಪತ್ರೆಗೆ ಸೇರಿಸಿದರು. ನಾನು ಆಗಷ್ಟೇ ಮದುವೆಯಾಗಿ ಆಸ್ಪತ್ರೆಗೆ ಹತ್ತಿರದ ನಜರ್‌ಬಾದಿನಲ್ಲಿದ್ದೆ. ಗಂಜಿ ಕೊಂಡೊಯ್ಯುವ ಕೆಲಸ ನನ್ನದಾಯಿತು.

ಅಲ್ಲಿ ವಿಲಾಯಿತಿಯಲ್ಲಿ ಓದಿ ಬಂದಿದ್ದ ಡಾಕ್ಟರೊಬ್ಬರು. ಪದೇ ಪದೇ ರಕ್ತ ತೆಗೆಸುತ್ತಿದ್ದರು, ಏನೋ ಬರೆದುಕೊಳ್ಳುತ್ತಿದ್ದರು, ನಮಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಇದರಲ್ಲೇನೋ ಇದೆ ಎಂದು ಅವ್ವನಿಗೆ ಖಾತ್ರಿಯಾಯಿತು. ಅದು ಸಾಲದೆಂಬಂತೆ ವಾರ್ಡಿನ ಎರಡು ಸಾಲಿನಲ್ಲಿ ಅಕ್ಕನಿಗೆ ಸಿಕ್ಕಿದ್ದು ಉತ್ತರದ ಗೋಡೆಯ ಪಕ್ಕದ ಮಂಚ. ತಲೆ ಉತ್ತರಕ್ಕೆ. ಹಾಗೆ ಮಲಗಿದರೆ ಆಯಸ್ಸು ತಗ್ಗುತ್ತದೆಂದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು.

ಎದುರು ಮಂಚದಲ್ಲಿ ಲಷ್ಕರ್ ಮೊಹಲ್ಲಾದ ಮುಸಲ್ಮಾನರ ಹುಡುಗಿಯೊಬ್ಬಳಿದ್ದಳು. ಅಕ್ಕನ ವಯಸ್ಸು, ಅದೇ ಕಾಯಿಲೆ. ಅವ್ವ ಅವಳ ತಾಯಿಯ ಹತ್ತಿರ ಕಷ್ಟ ಹೇಳಿಕೊಂಡಳು. ‘ನಮಗೆ ಆ ಶಾಸ್ತ್ರ ಇಲ್ಲಮ್ಮ. ಈ ಕಡೆ ಕರ್ಕೊಂಬನ್ನಿ’ ಎಂದಳು ಆಕೆ. ನರ್ಸು ಊಟಕ್ಕೆ ಹೋದಾಗ ಇಬ್ಬರು ರೋಗಿಗಳನ್ನೂ ಕೈಹಿಡಿದು ನಡೆಸಿ ಮಂಚ ಬದಲಾಯಿಸಿದೆವು. ಸಂಜೆ ಬಂದ ಹೊಸ ನರ್ಸು ಮಂಚ ನೋಡಿಕೊಂಡು ಸೂಜಿ ಚುಚ್ಚಿ ಹೋದಳು.

ಬೆಳಿಗ್ಗೆ ಡಾಕ್ಟರ ಮುಖ ಕೆಂಪಗಾಯಿತು.

‘ಯಾರನ್ನ ಕೇಳಿ ಬದಲಾಯಿಸಿದ್ರಿ? ಉತ್ತರದ ಸಾಲಿಗೆ ಒಂದೇ ಔಷಧಿ, ದಕ್ಷಿಣದ ಸಾಲಿಗೆ ಎರಡು ಸೇರಿಸಿ ಕೊಡ್ತಿದೀವಿ. ಯಾವುದರಿಂದ ಹೆಚ್ಚು ಜನ ಉಳೀತಾರೆ ಅಂತ ನೋಡ್ಬೇಕು.’

‘ಯಾವುದ್ರಿಂದ ಉಳೀತಾರೆ?’ ಎಂದಳು ಅವ್ವ.

‘ನನಗೂ ಗೊತ್ತಿಲ್ಲಮ್ಮ. ಗೊತ್ತಿದ್ದಿದ್ರೆ ಎಲ್ರಿಗೂ ಅದನ್ನೇ ಕೊಡ್ತಿದ್ದೆ.’

ಅವ್ವ ನನ್ನ ಕಡೆ ತಿರುಗಿದಳು. ‘ಕೇಳಿಸ್ಕೊಂಡ್ಯೇನೆ? ಗೊತ್ತಿಲ್ವಂತೆ. ಗೊತ್ತಿಲ್ದೋರ ಕೈಗೆ ಮಗಳನ್ನ ಕೊಟ್ಬುಟ್ಟು ಕೂತಿದ್ದೀವಿ. ಹೋಗಿ ಜಟಕಾ ಕರ್ಕೊಂಬಾ.’

ನನಗೂ ಹಾಗೇ ಅನ್ನಿಸಿತ್ತು. ಹೊರಟೂಬಿಟ್ಟಿದ್ದೆ. ಅಷ್ಟರಲ್ಲಿ ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು.

‘ನಾನು ಬರಕಿಲ್ಲ ಕಣವ್ವ. ಜ್ವರ ಬಂದಾಗಿಂದ ಪಂಡಿತ್ರು, ಮಂತ್ರ ಹಾಕೋರು, ಎಲ್ರೂ ಗೊತ್ತು ಗೊತ್ತು ಅಂತಾನೇ ಅಂದ್ರು. ಗೊತ್ತಿಲ್ಲ ಅಂದೋರು ಇವ್ರೊಬ್ರೇ. ನಾನು ಇಲ್ಲೇ ಇರ್ತೀನಿ.’

ಅವ್ವ ಬೈದಳು, ಅತ್ತಳು, ಕೊನೆಗೆ ಒಪ್ಪಿದಳು. ಇಬ್ಬರನ್ನೂ ಮತ್ತೆ ಅವರವರ ಮಂಚಕ್ಕೇ ಕಳಿಸಿದರು. ಆಮೇಲೆ ಅವ್ವ ಪ್ರತಿ ಸೂಜಿಯನ್ನೂ ಪಕ್ಕದಲ್ಲೇ ನಿಂತು ಕಾಯುತ್ತಿದ್ದಳು, ನರ್ಸು ರೇಗಿದರೂ ಕದಲುತ್ತಿರಲಿಲ್ಲ. ನಿಧಾನವಾಗಿ ಅಕ್ಕನ ಜ್ವರ ಇಳಿಯಿತು.

ಎದುರು ಸಾಲಿನ ಹುಡುಗಿ, ಎರಡೂ ಔಷಧಿ ಬೀಳುತ್ತಿದ್ದವಳು, ಉಳಿಯಲಿಲ್ಲ. ಕಾರಣ ಔಷಧಿಯೋ, ಕಾಯಿಲೆಯ ಜೋರೋ, ಡಾಕ್ಟರು ಹೇಳಲಿಲ್ಲ. ಅವರು ಏನಾದರೂ ಮುಚ್ಚಿಟ್ಟರೇ ಎಂಬ ಅನುಮಾನ ನನ್ನನ್ನು ಈಗಲೂ ಬಿಟ್ಟಿಲ್ಲ.

ಹುಡುಗಿಯನ್ನು ಮನೆಗೆ ಒಯ್ಯಲು ಗಾಡಿಗೆ ಕಾಯುತ್ತಾ ಅವಳ ತಾಯಿ ಜಗಲಿಯ ಮೇಲೆ ಕೂತಿದ್ದಳು. ಅವ್ವ ಹೋಗಿ ಪಕ್ಕದಲ್ಲಿ ಕೂತಳು. ಆಕೆ ಮೆಲ್ಲಗೆ ಕೇಳಿದಳು:

‘ನಾವು ನಿಮ್ಮ ಕಡೆ ಮಂಚದಲ್ಲೇ ಇದ್ದುಬಿಟ್ಟಿದ್ರೆ ಉಳೀತಿದ್ಲೇನಮ್ಮ?’

ಯಾವ ಮಾತಿಗೂ ಉತ್ತರ ಸಿದ್ಧವಾಗಿಟ್ಟುಕೊಂಡಿರುತ್ತಿದ್ದ ಅವ್ವ ಆಕೆಯ ಕೈ ಹಿಡಿದುಕೊಂಡಳು.

‘ಗೊತ್ತಿಲ್ಲ ಕಣವ್ವ’ ಎಂದಳು.